ಬೆಸುಗೆಗೆ ಮುನ್ನ ಒಂದಿಷ್ಟು ಬಿಸಿ

ದಪ್ಪ ಉಕ್ಕಿನ ಪ್ಲೇಟಿಗೆ ಗ್ಯಾಸ್ ಟಾರ್ಚ್ ಹಿಡಿದರೆ ಮೊದಲು ಕಾಣುವುದು ನೀರಿನ ಹನಿ. ಉಕ್ಕಿನೊಳಗಿನ ತೇವ ಹೊರಬಂತು ಎಂದೇ ಹಲವರು ತಿಳಿಯುತ್ತಾರೆ. ಉಕ್ಕಿನೊಳಗೆ ಅಂಥ ನೀರಿಲ್ಲ. ಅಸಿಟಲೀನ್ ಅಥವಾ ಎಲ್‌ಪಿಜಿ ಉರಿಯುವಾಗ ಹುಟ್ಟುವ ಹಬೆ ತಣ್ಣನೆಯ ಲೋಹ ತಾಗಿ ಹನಿಗಟ್ಟುತ್ತದೆ, ಅಷ್ಟೇ. ಪ್ಲೇಟು ಬಿಸಿಯಾದಂತೆ ಅದು ಆರಿಹೋಗುತ್ತದೆ. ಅದು ಆರಿತೆಂದು ಟಾರ್ಚ್ ನಂದಿಸಿದರೆ ಕೆಲಸ ಅರ್ಧಕ್ಕೂ ಬಂದಿರುವುದಿಲ್ಲ.

ಈ ಬಿಸಿ ಉಕ್ಕನ್ನು ಕರಗಿಸಲು ನೆರವಾಗಲಿ ಎಂದು ಕೊಡುವುದಲ್ಲ. ಬೆಸುಗೆ ಬೇಗ ತಣಿಯದಿರಲಿ ಎಂದು ಕೊಡುವುದು. ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಲೋಹದ ಸುತ್ತ ತಣ್ಣನೆಯ ದಪ್ಪ ಉಕ್ಕಿದ್ದರೆ ಅದು ಎಲ್ಲ ದಿಕ್ಕಿನಿಂದಲೂ ಶಾಖ ಹೀರುತ್ತದೆ. 800ರಿಂದ 500 ಡಿಗ್ರಿಗೆ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತು ಎಂಬುದರ ಮೇಲೆ ಬೆಸುಗೆಯ ಪಕ್ಕದ ಉಕ್ಕಿನ ಗುಣ ನಿಲ್ಲುತ್ತದೆ. ಕಮ್ಮಾರ ಕೆಂಪಗೆ ಕಾದ ಕುಡುಗೋಲನ್ನು ನೀರಿಗೆ ಅದ್ದಿದಾಗ ಆಗುವುದೇ ಇಲ್ಲಿಯೂ ಆಗುತ್ತದೆ: ಇಂಗಾಲದ ಪರಮಾಣುಗಳು ಜಾಗ ಬದಲಿಸಲು ಸಮಯವಿಲ್ಲದೆ ಸಿಕ್ಕಿಬಿದ್ದು, ಮಾರ್ಟೆನ್‌ಸೈಟ್ ಎಂಬ ಗಡುಸಾದ, ಪೆಡಸಾದ ರಚನೆ ಮೂಡುತ್ತದೆ. ಕುಡುಗೋಲಿನ ಅಲಗಿಗೆ ಬೇಕಾದ ಆ ಗಡಸುತನ ಸೇತುವೆಯ ತೊಲೆಗೆ ಅಪಾಯ.

ಇದಕ್ಕೆ ಹೈಡ್ರೋಜನ್ ಸೇರಿದರೆ ಕೇಡು ಪೂರ್ಣ. ಬೆಸುಗೆ ರಾಡ್‌ನ ಲೇಪನದಲ್ಲಿರುವ ತೇವ, ಪ್ಲೇಟಿನ ತುಕ್ಕು, ಎಣ್ಣೆ ಆರ್ಕ್‌ನ ಶಾಖಕ್ಕೆ ಒಡೆದು ಹೈಡ್ರೋಜನ್ ಬಿಡುತ್ತವೆ. ಕರಗಿದ ಉಕ್ಕು ಅದನ್ನು ಧಾರಾಳವಾಗಿ ಹೀರುತ್ತದೆ, ಗಟ್ಟಿಯಾದ ಮೇಲೆ ಹಿಡಿದಿಟ್ಟುಕೊಳ್ಳಲಾರದು. ಹೊರಹೋಗಲಾಗದೆ ಉಳಿದ ಹೈಡ್ರೋಜನ್ ಎಳೆತದಲ್ಲಿರುವ ಗಡುಸು ಭಾಗದಲ್ಲಿ ಸೇರಿ ಅದನ್ನು ಸೀಳುತ್ತದೆ. ಇದು ಕೂಡಲೇ ಆಗಬೇಕೆಂದಿಲ್ಲ. ಸಂಜೆ ನೋಡಿದಾಗ ಸೊಗಸಾಗಿದ್ದ ಬೆಸುಗೆಯ ಅಂಚಿನಡಿ ಒಂದೆರಡು ದಿನ ಕಳೆದು ಬಿರುಕು ಏಳಬಹುದು. ಹಾಗಾಗಿಯೇ ಮುಖ್ಯವಾದ ಜೋಡಣೆಗಳ ತಪಾಸಣೆಯನ್ನು 48 ಗಂಟೆ ತಡೆದು ಮಾಡುವ ರೂಢಿಯಿದೆ.

ಮೆಲ್ಬರ್ನ್‌ನ ಕಿಂಗ್ ಸ್ಟ್ರೀಟ್ ಸೇತುವೆ ಇಂಥ ಬಿರುಕುಗಳಿಗೆ ಒಂದು ಉದಾಹರಣೆ. ಅದು ಸಂಚಾರಕ್ಕೆ ತೆರೆದದ್ದು 1961ರಲ್ಲಿ. ಮರುವರ್ಷ ಜುಲೈ 10ರ ಚಳಿಯ ದಿನ, ಭಾರದ ಲಾರಿಯೊಂದು ಹಾಯುತ್ತಿದ್ದಂತೆ ಅದರ ಒಂದು ಅಂಕಣ ಕುಸಿಯಿತು. ಕೆಳಗಿದ್ದ ಗೋಡೆಗಳು ತಡೆದದ್ದರಿಂದ ಜೀವಹಾನಿಯಾಗಲಿಲ್ಲ. ತೊಲೆಗಳಿಗೆ ಬಳಸಿದ್ದು ಬೆಸುಗೆಗೆ ಸುಲಭವಾಗಿ ಒಗ್ಗದ ಹೆಚ್ಚು ಬಲದ ಉಕ್ಕು. ಬಿರುಕುಗಳು ಬೆಸುಗೆಯ ಬದಿಯಿಂದಲೇ ಹುಟ್ಟಿದ್ದವು.

ತೆಳುವಾದ ಸಾಮಾನ್ಯ ಉಕ್ಕಿಗೆ, ಅಂದರೆ ಗೇಟು, ಗ್ರಿಲ್ಲುಗಳಿಗೆ, ಹೀಗೆ ಮೊದಲೇ ಬಿಸಿಮಾಡುವ ಶ್ರಮ ಬೇಡ. ದಪ್ಪ ಹೆಚ್ಚಿದಷ್ಟೂ, ಇಂಗಾಲ, ಮ್ಯಾಂಗನೀಸ್, ಕ್ರೋಮಿಯಂ ಹೆಚ್ಚಿದಷ್ಟೂ ಬಿಸಿ ಹೆಚ್ಚು ಬೇಕು. ಅನೇಕ ಉಕ್ಕುಗಳಿಗೆ 100ರಿಂದ 200 ಡಿಗ್ರಿ. ಆಗ ತಣಿಯುವಿಕೆ ನಿಧಾನವಾಗುತ್ತದೆ, ಹೈಡ್ರೋಜನ್‌ಗೂ ಹೊರಬೀಳಲು ಬಿಡುವು ಸಿಗುತ್ತದೆ. ಆದರೆ ಮೇಲ್ಮೈಯನ್ನಷ್ಟೇ ಸವರಿದರೆ ಒಳಗಿನ ತಣ್ಣನೆಯ ಉಕ್ಕು ಆ ಶಾಖವನ್ನು ಕ್ಷಣದಲ್ಲಿ ನುಂಗಿಬಿಡುತ್ತದೆ. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ, ಬೆಸುಗೆಯ ಸುತ್ತ ಕನಿಷ್ಠ 75 ಮಿಲಿಮೀಟರ್ ಅಗಲಕ್ಕೆ, ಪ್ಲೇಟಿನ ಪೂರ್ಣ ದಪ್ಪಕ್ಕೆ ಬಿಸಿ ಇಳಿಯುವಂತೆ ಕಾಯಿಸಬೇಕು. ನಿಗದಿತ ಉಷ್ಣತೆಯಲ್ಲಿ ಕರಗುವ ಬಳಪಗಳು ಸಿಗುತ್ತವೆ. ಸಾಧ್ಯವಾದರೆ ಜ್ವಾಲೆ ಹಿಡಿದ ಮಗ್ಗುಲಿನ ಹಿಂಬದಿಯಲ್ಲಿ ಗೀಚಿ ನೋಡಬೇಕು. ಅಲ್ಲಿ ಗೀಟು ಕರಗಿದರೆ ರಾಡ್ ಹಚ್ಚಬಹುದು.