ಹಳೆಯ ಕೋವಿಯ ಪ್ಯಾಡಿಗೆ ಹೊಸ ಚರ್ಮ

ಹಳೆಯ ಇಂಗ್ಲಿಷ್ ಜೋಡುನಳಿಗೆ ಕೋವಿಗಳ ಹಿಂಬದಿ ಮರದ ತುದಿಯಲ್ಲಿ, ಭುಜಕ್ಕೆ ಒರಗುವ ಜಾಗಕ್ಕೆ ಕೆಲವೊಮ್ಮೆ ತೆಳು ಚರ್ಮ ಹೊದಿಸಿದ ರಬ್ಬರ್ ಮೆತ್ತೆಯೊಂದು ಕೂತಿರುತ್ತದೆ. ಇದೇ ರಿಕಾಯಿಲ್ ಪ್ಯಾಡ್. ಸವೆದ ಅದರ ಚರ್ಮ ತೆಗೆದು ಹೊಸದು ಹೊದಿಸುವುದು ಕೋವಿ ದುರಸ್ತಿಯ ಕುಶಲ ಕೆಲಸಗಳಲ್ಲೊಂದು.

ಪ್ಯಾಡ್ ಇರುವುದು ಕೋವಿಯ ಒದೆತ ತಗ್ಗಿಸಲು. ಸುಮಾರು 30 ಗ್ರಾಂ ಚರೆ ಸೆಕೆಂಡಿಗೆ ಹೆಚ್ಚುಕಡಿಮೆ 400 ಮೀಟರ್ ವೇಗದಲ್ಲಿ ಮುಂದಕ್ಕೆ ಹಾರಿದಾಗ, 3 ಕಿಲೊ ತೂಕದ ಕೋವಿ ಸೆಕೆಂಡಿಗೆ ನಾಲ್ಕೈದು ಮೀಟರ್ ವೇಗದಲ್ಲಿ ಹಿಂದಕ್ಕೆ ನುಗ್ಗುತ್ತದೆ. ರಬ್ಬರ್ ಅದುಮಿಕೊಂಡು ಆ ಹೊಡೆತವನ್ನು ತುಸು ಹೆಚ್ಚು ಹೊತ್ತಿಗೆ ಹರಡುವುದರಿಂದ ಭುಜಕ್ಕೆ ನೋವು ಕಡಿಮೆ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಹೆಸರಾದ ಇಂಥ ಪ್ಯಾಡ್‌ಗಳಲ್ಲಿ ಎಸ್. ಡಬ್ಲ್ಯು. ಸಿಲ್ವರ್ ಕಂಪನಿಯದು ಒಂದು. ಲಂಡನ್ನಿನ ಸಿಲ್ವರ್‌ಟೌನ್ ಬಡಾವಣೆಗೆ ಹೆಸರು ಬಂದದ್ದೂ ಇದೇ ಕಂಪನಿಯ ರಬ್ಬರ್ ಕಾರ್ಖಾನೆಯಿಂದ.

ರಬ್ಬರಿಗೆ ಒಂದು ದೋಷವಿದೆ: ಅದು ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಹಕ್ಕಿ ಹಾರಿದ ಕ್ಷಣದಲ್ಲಿ ಕೋವಿ ಎತ್ತುವಾಗ ಕೋಟಿನ ಮಡಿಕೆಗೆ ಪ್ಯಾಡ್ ತಡೆದರೆ ಗುರಿ ತಪ್ಪಿತೆಂದೇ ಅರ್ಥ. ನುಣುಪಾದ ಚರ್ಮ ಜಾರಿಕೊಂಡು ಭುಜದ ಗುಳಿಗೆ ಸರಿಯಾಗಿ ಕೂರುತ್ತದೆ. ಚರ್ಮದ ಹೊದಿಕೆ ಬರಿಯ ಅಂದಕ್ಕಲ್ಲ.

ಈ ಚರ್ಮಕ್ಕೆ ಬೆವರು, ಮಳೆ ಮತ್ತು ನೆಲದ ತಿಕ್ಕಾಟವೇ ಶತ್ರು. ಕೋವಿಯನ್ನು ನೆಲಕ್ಕೆ ಊರಿ ನಿಲ್ಲಿಸುವುದರಿಂದ ಕೆಳತುದಿ ಮೊದಲು ಹರಿಯುತ್ತದೆ. ಒಳಗಿನ ರಬ್ಬರ್ ಕೂಡ ದಶಕಗಳಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಉಗುರಿನಿಂದ ಒತ್ತಿದಾಗ ರಬ್ಬರ್ ಕುಗ್ಗಿ ಮತ್ತೆ ಉಬ್ಬಿದರೆ ಅದನ್ನೇ ಉಳಿಸಿಕೊಳ್ಳಬಹುದು. ಪುಡಿಯಾದರೆ ಪ್ಯಾಡನ್ನೇ ಬದಲಿಸಬೇಕು.

ಕೆಲಸಕ್ಕೆ ಮೊದಲು ಕೋವಿಯಲ್ಲಿ ತೋಟೆಯಿಲ್ಲವೆಂದು ಖಾತ್ರಿಪಡಿಸಿಕೊಂಡು ನಳಿಗೆಯನ್ನು ಬೇರ್ಪಡಿಸಬೇಕು. ನಂತರ ಮುಂದಿನ ಕುದುರೆಯಿಂದ (ಟ್ರಿಗರ್) ಪ್ಯಾಡಿನ ನಡುವಿನವರೆಗಿನ ಉದ್ದವನ್ನು ಅಳೆದು ಬರೆದಿಡಬೇಕು. ಸಾಮಾನ್ಯವಾಗಿ ಇದು ಹದಿನಾಲ್ಕೂವರೆ ಇಂಚಿನ ಆಸುಪಾಸು. ಯಾರದೋ ತೋಳಿನ ಅಳತೆಗೆ ಹೊಂದಿಸಿದ ಈ ಉದ್ದ ದುರಸ್ತಿಯಾದ ಮೇಲೂ ಬದಲಾಗಬಾರದು. ಆಮೇಲೆ ಎರಡು ಸ್ಕ್ರೂ ಬಿಚ್ಚಿ ಪ್ಯಾಡ್ ತೆಗೆದು, ಹಳೆಯ ಸರೇಸಿಗೆ ಬೆಚ್ಚಗಿನ ಒದ್ದೆ ಬಟ್ಟೆ ಇಟ್ಟು ಚರ್ಮವನ್ನು ಮೆಲ್ಲನೆ ಸುಲಿಯಲಾಗುತ್ತದೆ. ಸುಲಿದ ತುಂಡು ಹೊಸದಕ್ಕೆ ಅಳತೆಯ ಮಾದರಿಯಾಗುತ್ತದೆ.

ಹೊಸ ಹೊದಿಕೆಗೆ ಮೇಕೆ ಇಲ್ಲವೆ ಹಂದಿಯ ಚರ್ಮ ಒಗ್ಗುತ್ತದೆ. ಮೂರು ಮೂರಾಗಿ ಗುಂಪುಗೂಡಿದ ರೋಮರಂಧ್ರಗಳಿಂದ ಹಂದಿಚರ್ಮವನ್ನು ಗುರುತಿಸಬಹುದು. ಚರ್ಮದ ದಪ್ಪ 0.8 ಮಿಲಿಮೀಟರ್ ಇದ್ದರೆ ಪ್ಯಾಡಿನ ಅಂಚನ್ನು ಸುತ್ತಲೂ ಅಷ್ಟೇ ಉಜ್ಜಿ ಇಳಿಸಬೇಕು. ಇಲ್ಲವಾದರೆ ಚರ್ಮ ಮರಕ್ಕಿಂತ ಉಬ್ಬಿ ನಿಲ್ಲುತ್ತದೆ. ಮಡಚಿ ಹಿಂಬದಿಗೆ ಹೋಗುವ ಅಂಚನ್ನು ರಂಪಿಗೆಯಿಂದ ಕಾಗದದಷ್ಟು ತೆಳುವಾಗಿ ಹೆರೆಯಬೇಕು.

ಮುಂದಿನದು ತಾಳ್ಮೆಯ ಘಟ್ಟ. ಪ್ಯಾಡಿನ ಮುಖ ಮೇಲಿಂದ ಕೆಳಕ್ಕೆ ತುಸು ಒಳಬಾಗಿರುತ್ತದೆ. ಬಿಗಿದೆಳೆದ ಚರ್ಮ ಆ ತಗ್ಗಿನಲ್ಲಿ ಮೇಲೇಳುತ್ತದೆ. ಅದಕ್ಕಾಗಿ ಒದ್ದೆ ಚರ್ಮವನ್ನು ಹೊದಿಸಿ, ಅದೇ ಬಾಗಿಗೆ ಹೊಂದುವ ಮರದ ತುಂಡಿನಿಂದ ಒತ್ತಿ, ಬಿಗಿದು ಇಡೀ ರಾತ್ರಿ ಒಣಗಿಸಲಾಗುತ್ತದೆ. ಮರುದಿನ ಬಿಡಿಸಿದಾಗ ಚರ್ಮ ಪ್ಯಾಡಿನ ಆಕಾರವನ್ನೇ ತಳೆದಿರುತ್ತದೆ. ಆಗ ಚಪ್ಪಲಿ ಹೊಲಿಯುವವರು ಸಲ್ಯೂಷನ್ ಎನ್ನುವ ರಬ್ಬರ್ ಅಂಟನ್ನು ಚರ್ಮ, ಪ್ಯಾಡ್ ಎರಡಕ್ಕೂ ಹಚ್ಚಿ, ಮೊದಲು ಮುಖ, ಬಳಿಕ ಬದಿ, ಕೊನೆಗೆ ಹಿಂಭಾಗ ಎಂಬ ಕ್ರಮದಲ್ಲಿ ಅಂಟಿಸಬೇಕು. ಎರಡು ತುದಿಗಳ ತಿರುವಿನಲ್ಲಿ ಮಿಗುವ ಚರ್ಮದಿಂದ ಸಣ್ಣ ತ್ರಿಕೋನಗಳನ್ನು ಕತ್ತರಿಸಿ, ನೆರಿಗೆಗಳನ್ನು ಹಿಂಬದಿಯಲ್ಲೇ ಅಡಗಿಸಬೇಕು.

ಸ್ಕ್ರೂ ತೂತುಗಳ ಮೇಲೆ ಚರ್ಮಕ್ಕೆ ಚಿಕ್ಕ ಸೀಳು ಸಾಕು. ಮೇಣ ಸವರಿದ ಸ್ಕ್ರೂ ಅದರೊಳಗಿಂದ ಹಾದುಹೋದ ಮೇಲೆ ಸೀಳು ಮುಚ್ಚಿಕೊಂಡು ಕಣ್ಣಿಗೆ ಬೀಳದಂತಾಗುತ್ತದೆ. ಜೋಡಿಸಿದ ನಂತರ ಮರದಿಂದ ಚರ್ಮದತ್ತ ಉಗುರು ಎಳೆದರೆ ಎಲ್ಲೂ ತಡೆಯಬಾರದು. ಬರೆದಿಟ್ಟ ಉದ್ದವೂ ತಾಳೆಯಾಗಬೇಕು.

ಭಾರತದಲ್ಲಿ ಕೋವಿ ದುರಸ್ತಿಯ ವೃತ್ತಿ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಒಳಪಟ್ಟಿದ್ದು, ಅದಕ್ಕೆ ಪರವಾನಗಿ ಬೇಕು. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುವ ಕೊಡಗಿನಂಥ ಮಳೆನಾಡಿನಲ್ಲಿ ಚರ್ಮಕ್ಕೆ ಬೂಷ್ಟಿನ ಕಾಟ ಹೆಚ್ಚು. ಒದ್ದೆಯಾದ ಪ್ಯಾಡನ್ನು ಒಲೆಯ ಬಳಿ ಇಡದೆ ನೆರಳಿನ ಗಾಳಿಗೆ ಒಣಗಿಸಿ, ಬಣ್ಣವಿಲ್ಲದ ಮೇಣವನ್ನು ತೆಳುವಾಗಿ ಹಚ್ಚಿ, ಕೋವಿಯನ್ನು ಚರ್ಮ ನೆಲಕ್ಕೆ ತಾಗದಂತೆ ಇಟ್ಟರೆ ಹೊಸ ಹೊದಿಕೆ ಬಹುಕಾಲ ಬಾಳುತ್ತದೆ.