ಎಲ್‌ಪಿಎನ್: ಅಮೆರಿಕದ ವಾರ್ಡುಗಳ ನಡುಮೆಟ್ಟಿಲ ನರ್ಸ್

ಅಮೆರಿಕದ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಆರೈಕೆಗೆ ನಿಂತವರೆಲ್ಲ ಒಂದೇ ದರ್ಜೆಯವರಲ್ಲ. ಆರೈಕೆಯ ಒಟ್ಟು ಹೊಣೆ ರಿಜಿಸ್ಟರ್ಡ್ ನರ್ಸ್, ಅಂದರೆ ಆರ್‌ಎನ್ ಅವರದು. ಸ್ನಾನ ಮಾಡಿಸುವ, ಮಗ್ಗುಲು ಬದಲಿಸುವ ಕೆಲಸ ನರ್ಸಿಂಗ್ ಅಸಿಸ್ಟೆಂಟರದು. ಇವರಿಬ್ಬರ ನಡುವಿನ ದರ್ಜೆಯೇ ಲೈಸೆನ್ಸ್‌ಡ್ ಪ್ರಾಕ್ಟಿಕಲ್ ನರ್ಸ್, ಎಲ್‌ಪಿಎನ್. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್‌ನಲ್ಲಿ ಇವರನ್ನೇ ಲೈಸೆನ್ಸ್‌ಡ್ ವೊಕೇಶನಲ್ ನರ್ಸ್ ಎನ್ನುತ್ತಾರೆ.

ಮನೆಗಳಿಗೆ ಹೋಗಿ ರೋಗಿಗಳನ್ನೂ ಬಾಣಂತಿಯರನ್ನೂ ನೋಡಿಕೊಳ್ಳುತ್ತಿದ್ದ ಹೆಂಗಸರ ಕಸುಬಿನಿಂದ ಈ ವೃತ್ತಿ ಬೆಳೆಯಿತು. 1890ರ ದಶಕದಲ್ಲಿ ನ್ಯೂಯಾರ್ಕಿನ ವೈಡಬ್ಲ್ಯುಸಿಎ ಎಂಬ ಮಹಿಳಾ ಸಂಸ್ಥೆ ಇದಕ್ಕೆ ತರಬೇತಿ ಶುರುಮಾಡಿತು. 1914ರಲ್ಲಿ ಮಿಸಿಸಿಪ್ಪಿ ಲೈಸೆನ್ಸ್ ಕಾನೂನು ಮಾಡಿತು. 1938ರಲ್ಲಿ ನ್ಯೂಯಾರ್ಕ್ ಅದನ್ನು ಕಡ್ಡಾಯಗೊಳಿಸುವ ಕಾಯ್ದೆ ತಂದಿತು. ಇಂದು ಕಮ್ಯುನಿಟಿ ಕಾಲೇಜಿನಲ್ಲೋ ವೃತ್ತಿಶಿಕ್ಷಣ ಶಾಲೆಯಲ್ಲೋ ಸುಮಾರು ಒಂದು ವರ್ಷ ಕಲಿತು, ಎನ್‌ಕ್ಲೆಕ್ಸ್-ಪಿಎನ್ ಪರೀಕ್ಷೆ ಪಾಸಾದವರಿಗೆ ರಾಜ್ಯದ ನರ್ಸಿಂಗ್ ಮಂಡಳಿ ಲೈಸೆನ್ಸ್ ಕೊಡುತ್ತದೆ.

ಬಿಪಿ, ನಾಡಿ, ಜ್ವರ, ಉಸಿರಾಟ ನೋಡಿ ದಾಖಲಿಸುವುದು, ಮಾತ್ರೆ ಮತ್ತು ಇಂಜೆಕ್ಷನ್ ಕೊಡುವುದು, ಗಾಯದ ಡ್ರೆಸಿಂಗ್ ಬದಲಿಸುವುದು, ಮೂತ್ರದ ನಳಿಕೆ ಹಾಕುವುದು, ಟ್ಯೂಬಿನ ಮೂಲಕ ಆಹಾರ ಕೊಡುವುದು ಇವರ ನಿತ್ಯದ ಕೆಲಸ. ಬೆಳಗಿನ ತಿಂಡಿಗೆ ಮುನ್ನ ಸಕ್ಕರೆ ಕಾಯಿಲೆಯ ರೋಗಿಗೆ ಇನ್ಸುಲಿನ್ ಕೊಡಬೇಕಿದೆ ಎನ್ನೋಣ. ಎಲ್‌ಪಿಎನ್ ಮೊದಲು ಹೆಸರು, ಹುಟ್ಟಿದ ದಿನಾಂಕ ಕೇಳಿ ಮಣಿಕಟ್ಟಿನ ಪಟ್ಟಿಯೊಡನೆ ತಾಳೆ ನೋಡುತ್ತಾರೆ. ಬೆರಳ ತುದಿ ಚುಚ್ಚಿ, ಒಂದು ಹನಿ ರಕ್ತದಲ್ಲಿ ಸಕ್ಕರೆ ಅಳೆಯುತ್ತಾರೆ. ಅಂಕಿ 70ಕ್ಕಿಂತ ಕೆಳಗಿದ್ದರೆ ಇನ್ಸುಲಿನ್ ತಡೆಹಿಡಿದು ಕೂಡಲೇ ಆರ್‌ಎನ್‌ಗೆ ತಿಳಿಸುತ್ತಾರೆ. ರೋಗಿಗೆ ಎಚ್ಚರವಿದ್ದು ನುಂಗಲು ಸಾಧ್ಯವಾದರೆ ಆಸ್ಪತ್ರೆಯ ನಿಯಮದಂತೆ ಹಣ್ಣಿನ ರಸ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಅಳೆಯುತ್ತಾರೆ. ನಡೆದದ್ದೆಲ್ಲ ಗಳಿಗೆಯ ಸಮೇತ ದಾಖಲೆಗೆ ಸೇರುತ್ತದೆ.

ಎಲ್‌ಪಿಎನ್ ಕೆಲಸದ ಎಲ್ಲೆಯೂ ಇಲ್ಲೇ ಕಾಣುತ್ತದೆ. ಗಾಯದ ಸುತ್ತ ಕೆಂಪಗಾಗಿದೆ, ಕೀವು ಕಟ್ಟಿದೆ ಎಂಬುದನ್ನು ಮೊದಲು ಗಮನಿಸುವವರು ಇವರೇ ಆಗಿರಬಹುದು. ಆದರೆ ಹೊಸದಾಗಿ ದಾಖಲಾದ ರೋಗಿಯ ಸ್ಥಿತಿಯನ್ನು ಪೂರ್ತಿಯಾಗಿ ಅಳೆದು ಆರೈಕೆಯ ಯೋಜನೆ ಹಾಕುವ ಹೊಣೆ ಆರ್‌ಎನ್ ಅವರದು. ರಕ್ತನಾಳಕ್ಕೆ ನೇರವಾಗಿ ಔಷಧಿ ಕೊಡುವ ವಿಷಯದಲ್ಲಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ: ಕೆಲವೆಡೆ ಹೆಚ್ಚುವರಿ ತರಬೇತಿ ಪಡೆದವರಿಗೆ ಒಪ್ಪಿಗೆಯಿದೆ, ಕೆಲವೆಡೆ ನಿರ್ಬಂಧವಿದೆ. ಕಾನೂನು ಕೊಟ್ಟ ಅನುಮತಿಯನ್ನೂ ಆಸ್ಪತ್ರೆ ತನ್ನ ನಿಯಮದಿಂದ ಇನ್ನಷ್ಟು ಬಿಗಿಗೊಳಿಸಬಹುದು.

ಆಸ್ಪತ್ರೆಗಳು ಆರ್‌ಎನ್‌ಗಳತ್ತ ಹೆಚ್ಚು ವಾಲಿರುವುದರಿಂದ ಎಲ್‌ಪಿಎನ್‌ಗಳಿಗೆ ವೃದ್ಧರ ಆರೈಕೆಯ ನರ್ಸಿಂಗ್ ಹೋಮ್‌ಗಳೇ ಈಗ ದೊಡ್ಡ ಉದ್ಯೋಗತಾಣ. ಭಾರತದಲ್ಲಿ ಈ ದರ್ಜೆಗೆ ಸರಿಸಾಟಿಯಾದದ್ದು ಇಲ್ಲ. ಎರಡು ವರ್ಷದ ಎಎನ್‌ಎಂ ಓದಿದವರು ಮುಖ್ಯವಾಗಿ ಹಳ್ಳಿಗಳಲ್ಲಿ ತಾಯಿ–ಮಕ್ಕಳ ಆರೋಗ್ಯ ನೋಡಿಕೊಳ್ಳುತ್ತಾರೆ. ಜಿಎನ್‌ಎಂ ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಕರ್ನಾಟಕದಿಂದ ಅಮೆರಿಕಕ್ಕೆ ಹೊರಡುವವರು ಸಾಮಾನ್ಯವಾಗಿ ಬರೆಯುವುದು ಆರ್‌ಎನ್ ದರ್ಜೆಯ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು.