ಹಿತ್ತಲ ಗಿಡ ಮತ್ತು ಮದ್ದು

‘ಹಿತ್ತಲ ಗಿಡ ಮದ್ದಲ್ಲ’ ಎಂಬುದೊಂದು ಗಾದೆ. ಕೈಗೆಟಕುವ ವಸ್ತುವನ್ನು ಮನುಷ್ಯನು ಅಸಡ್ಡೆಯಿಂದ ಕಾಣುತ್ತಾನೆಂಬುದು ಅದರ ತಾತ್ಪರ್ಯ. ಇಂದು ಜಗತ್ತಿನ ಕೋಟ್ಯಂತರ ಮಧುಮೇಹಿಗಳು ಸೇವಿಸುತ್ತಿರುವ ‘ಮೆಟ್‌ಫಾರ್ಮಿನ್’ ಎಂಬ ಗುಳಿಗೆಯ ಚರಿತ್ರೆಯನ್ನು ಅರಿತವರಿಗೆ ಈ ಗಾದೆಯ ಇನ್ನೊಂದು ಮಗ್ಗುಲೂ ಕಾಣಿಸುತ್ತದೆ.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ನಾವು ಉಣ್ಣುವ ಅನ್ನ, ಮುದ್ದೆ, ರೊಟ್ಟಿಗಳಲ್ಲಿರುವ ಪಿಷ್ಟವು ಜೀರ್ಣವಾಗಿ, ಗ್ಲೂಕೋಸ್ ಎಂಬ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್, ಆ ಸಕ್ಕರೆಗೆ ಸ್ನಾಯುಗಳ ಜೀವಕೋಶಗಳ ಬಾಗಿಲನ್ನು ತೆರೆಸುತ್ತದೆ. ರಕ್ತಕ್ಕೆ ಸಕ್ಕರೆಯನ್ನು ಬಿಡುವ ಯಕೃತ್ತನ್ನೂ ಹತೋಟಿಯಲ್ಲಿಡುತ್ತದೆ. ಕೆಲವರ ದೇಹದಲ್ಲಿ ಇನ್ಸುಲಿನ್ ಇದ್ದರೂ ಜೀವಕೋಶಗಳು ಅದರ ಕರೆಗೆ ಸರಿಯಾಗಿ ಓಗೊಡುವುದಿಲ್ಲ. ಇದೇ ಇನ್ಸುಲಿನ್ ನಿರೋಧ. ಕೊರತೆಯನ್ನು ತುಂಬಲು ಹೆಚ್ಚು ಹೆಚ್ಚು ದುಡಿದ ಗ್ರಂಥಿಯು ಕಡೆಗೆ ಸೋತಾಗ, ಎರಡನೆಯ ಬಗೆಯ ಮಧುಮೇಹ ತಲೆದೋರುತ್ತದೆ.

ಯೂರೋಪಿನ ಹುಲ್ಲುಗಾವಲುಗಳಲ್ಲಿ ‘ಗಲೀಗಾ ಅಫಿಸಿನಾಲಿಸ್’ ಎಂಬ ಗಿಡ ಬೆಳೆಯುತ್ತದೆ. ನಮ್ಮ ಮೆಂತ್ಯ, ತೊಗರಿಗಳ ಕುಟುಂಬಕ್ಕೆ ಸೇರಿದ ಇದಕ್ಕೆ ನಸುನೇರಿಳೆ ಬಣ್ಣದ ಹೂಗಳು. ಅಲ್ಲಿಯ ಜನ ಶತಮಾನಗಳಿಂದ ಇದನ್ನು ಮದ್ದಾಗಿ ಬಳಸುತ್ತಿದ್ದರು. ಆದರೆ ಇದನ್ನು ಮೇದ ಕುರಿಗಳು ಸತ್ತುದೂ ಉಂಟು. ಗಿಡದಲ್ಲಿರುವ ಗ್ಯಾಲಿಜೀನ್ ಎಂಬ ಸಂಯುಕ್ತವು ಗ್ವಾನಿಡೀನ್ ಗುಂಪಿಗೆ ಸೇರಿದ್ದು. ಗ್ವಾನಿಡೀನ್ ಪ್ರಾಣಿಗಳ ರಕ್ತದ ಸಕ್ಕರೆಯನ್ನು ತಗ್ಗಿಸುವುದೆಂದು 1918ರಲ್ಲಿ ತಿಳಿದುಬಂದಿತು. 1920ರ ದಶಕದಲ್ಲಿ ಗ್ಯಾಲಿಜೀನನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಸಕ್ಕರೆಯೇನೋ ಇಳಿಯಿತು, ಆದರೆ ಗುಣದ ಜೊತೆಗೆ ವಿಷವೂ ಇದ್ದುದರಿಂದ ಅದನ್ನು ಕೈಬಿಡಬೇಕಾಯಿತು.

ಇದೇ ಗುಂಪಿಗೆ ಹತ್ತಿರದ, ಹೆಚ್ಚು ಸುರಕ್ಷಿತವಾದ ಮೆಟ್‌ಫಾರ್ಮಿನ್ನನ್ನು ವರ್ನರ್ ಮತ್ತು ಬೆಲ್ ಎಂಬ ರಸಾಯನಶಾಸ್ತ್ರಜ್ಞರು 1922ರಲ್ಲಿ ಡಬ್ಲಿನ್ನಿನಲ್ಲಿ ತಯಾರಿಸಿದ್ದರು. ಆಗ ತಾನೇ ದೊರೆತಿದ್ದ ಇನ್ಸುಲಿನ್ನಿನ ಪ್ರಭೆಯಲ್ಲಿ ಅದು ಮರೆಯಾಯಿತು. 1957ರಲ್ಲಿ ಫ್ರಾನ್ಸಿನ ವೈದ್ಯ ಝಾನ್ ಸ್ಟೆರ್ನ್ ಅದನ್ನು ಮಧುಮೇಹಿಗಳಿಗೆ ನೀಡಿ, ಫಲವನ್ನು ಪ್ರಕಟಿಸಿದರು. ಅದು ಮುಖ್ಯವಾಗಿ ಯಕೃತ್ತು ಹೊರಬಿಡುವ ಸಕ್ಕರೆಯನ್ನು ಕಡಿಮೆಮಾಡುತ್ತದೆ. ಇನ್ಸುಲಿನ್ನಿನ ಕಾರ್ಯಕ್ಕೂ ಒತ್ತಾಸೆಯಾಗುತ್ತದೆ. ಸ್ಥೂಲಕಾಯದ ಮಧುಮೇಹಿಗಳಲ್ಲಿ ಅದು ಹೃದಯಾಘಾತವನ್ನು ತಗ್ಗಿಸಿತೆಂದು ಬ್ರಿಟನ್ನಿನ ದೀರ್ಘ ಅಧ್ಯಯನವೊಂದು 1998ರಲ್ಲಿ ತಿಳಿಸಿತು.

ನಮ್ಮ ನಾಡಿನಲ್ಲಿಯೂ ಇಂತಹ ಸಸ್ಯಗಳಿವೆ. ಮಧುನಾಶಿನಿಯ ಎಲೆಯನ್ನು ಅಗಿದು ಸಕ್ಕರೆ ತಿಂದರೆ ಮರಳು ತಿಂದಂತಾಗುತ್ತದೆ; ಅದರಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಗೆಯ ಸಿಹಿಯರಿವನ್ನು ತುಸು ಹೊತ್ತು ತಡೆಯುತ್ತವೆ. ಮೆಂತ್ಯ, ಹಾಗಲಗಳ ಮೇಲೂ ಸಂಶೋಧನೆಗಳು ನಡೆದಿವೆ. ಆದರೆ ಎಲೆಯ ರಸವನ್ನು ನೆಚ್ಚಿ ವೈದ್ಯರು ಕೊಟ್ಟ ಔಷಧವನ್ನು ಬಿಟ್ಟವರ ಕಣ್ಣು, ಮೂತ್ರಪಿಂಡಗಳು ಸದ್ದಿಲ್ಲದೆ ಕೆಡಬಹುದು. ಗಿಡದಲ್ಲಿ ಗುಣವಿದ್ದರೆ ಸಾಲದು. ಎಷ್ಟು ಕೊಟ್ಟರೆ ಮದ್ದು, ಎಷ್ಟಾದರೆ ವಿಷ ಎಂಬುದನ್ನು ಅಳೆದು ತಿಳಿಯಬೇಕು. ಹಿತ್ತಲ ಗಿಡವೂ ಮದ್ದಾದೀತು. ಆದರೆ ಅದು ಪರೀಕ್ಷೆಯ ಹೊಸ್ತಿಲನ್ನು ದಾಟಿ ಬರಬೇಕು.